ಬಳ್ಳಾರಿ ಜಾಲಿಯೂ ಬೇಸಗೆಯ ಗಾಳಿಯೂ

ತಮಿಳುನಾಡಿನ ಸಂತೆಗಳಲ್ಲಿ ದೊಡ್ಡ ಈರುಳ್ಳಿಗೆ ಬಳ್ಳಾರಿಯ ಹೆಸರಿದೆ. ನಮ್ಮ ಕನ್ನಡನಾಡಿನಲ್ಲಿ ಕೆರೆಯಂಗಳ, ರಸ್ತೆಯ ಬದಿ, ಪಾಳುಬಿದ್ದ ಹೊಲಗಳನ್ನೆಲ್ಲ ತುಂಬಿ ನಿಂತಿರುವ ಒಂದು ಮುಳ್ಳಿನ ಮರಕ್ಕೆ 'ಬಳ್ಳಾರಿ ಜಾಲಿ' ಎಂದು ಹೆಸರು. ಒಂದೇ ಊರಿನ ಹೆಸರನ್ನು ಹೊತ್ತು ಹೊರಟ ಈ ಎರಡು ವಸ್ತುಗಳೂ ಕಣ್ಣಿನಲ್ಲಿ ನೀರು ತರಿಸತಕ್ಕವೇ ಆಗಿರುವುದು ವಿನೋದದ ಸಂಗತಿ. ಆದರೆ ಈರುಳ್ಳಿಯ ಕಣ್ಣೀರು ಈಳಿಗೆಮಣೆಯನ್ನು ಬಿಟ್ಟೆದ್ದರೆ ನಿಂತುಹೋಗುತ್ತದೆ. ಜಾಲಿಯ ಕಣ್ಣೀರಿಗೆ ಅಂಥ ಉಪಾಯವಿಲ್ಲ. ಮರ ಎಲ್ಲಿಯೋ ಇರುತ್ತದೆ. ಅದರ ಹೂವಿನ ಧೂಳು ಮನೆಯೊಳಗೆ ಬಂದು ಮೂಗನ್ನು ಹುಡುಕಿಕೊಂಡು ಹೋಗುತ್ತದೆ. ಸೀನು, ಕಣ್ಣಿನ ತುರಿಕೆ, ಮೂಗಿನ ಸೋರಿಕೆ, ಕೆಲವರಿಗೆ ಇಷ್ಟಕ್ಕೇ ನಿಲ್ಲದೆ ನಮ್ಮ ಕಡೆಯವರು 'ದಮ್ಮು' ಎನ್ನುವ ಉಬ್ಬಸ. ಈ ಧೂಳು ಯಾವಾಗ ಹೊರಡುತ್ತದೆ, ಯಾವಾಗ ಹಾರುತ್ತದೆ, ಯಾವಾಗ ಇಳಿಯುತ್ತದೆ ಎಂಬುದನ್ನು ಹವೆ ಹೇಗೆ ನಿರ್ಣಯಿಸುತ್ತದೆಂಬುದೇ ನನ್ನ ಈ ಹೊತ್ತಿನ ಮಾತು.

ಮೊದಲು ಮರದ ವಿಚಾರ. ಇದು ನಮ್ಮ ನೆಲದ್ದಲ್ಲ. ಮೆಕ್ಸಿಕೊ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳು ಇದರ ತವರು. ಸಸ್ಯಶಾಸ್ತ್ರಜ್ಞರು ಇಟ್ಟ ಹೆಸರು ಪ್ರೊಸೋಪಿಸ್ ಜೂಲಿಫ್ಲೋರ. ಅಂದಿನ ಮದರಾಸು ಪ್ರಾಂತದ ಅರಣ್ಯಾಧಿಕಾರಿಯಾಗಿದ್ದ ಬೆಡ್ಡೋಮ್ ಎಂಬಾತ 1876ರಲ್ಲಿ ಇದರ ಬೀಜಕ್ಕಾಗಿ ಬರೆದ. ಜಮೈಕದಿಂದ ಬಂದ ಬೀಜವನ್ನು 1877ರಲ್ಲಿ ಕಡಪ ಜಿಲ್ಲೆಯ ಕಮಲಾಪುರದಲ್ಲಿ ನೆಟ್ಟರು. ಧಾತು, ಈಶ್ವರ ಸಂವತ್ಸರಗಳ ಆ ಘೋರ ಕ್ಷಾಮ ಬಳ್ಳಾರಿ ಸೀಮೆಯನ್ನು ಹಿಂಡಿದ ಕಾಲವೂ ಅದೇ. ನೀರಿಲ್ಲದೆ ಬೆಳೆಯುವ, ಉರುವಲಿಗೆ ಒದಗುವ ಮರವೊಂದು ಅಂದಿನ ಆಡಳಿತಕ್ಕೆ ಬೇಕಾಗಿತ್ತು. 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಬಳ್ಳಾರಿಯೂ ಮದರಾಸಿನ ಆಡಳಿತದಲ್ಲಿಯೇ ಇತ್ತಷ್ಟೆ. ಹಳೆಯ ಮೈಸೂರಿನವರು ಈ ಮರವನ್ನು ಬಳ್ಳಾರಿಯ ದಿಕ್ಕಿನಿಂದ ಬಂದದ್ದೆಂದು ಕಂಡು ಆ ಹೆಸರನ್ನಿಟ್ಟಿರಬೇಕೆಂದು ನನ್ನ ಊಹೆ. ತೆಲುಗರು ಇದನ್ನು 'ಸರ್ಕಾರ್ ತುಮ್ಮ' ಎನ್ನುತ್ತಾರೆ, ತಮಿಳರು 'ಸೀಮೈ ಕರುವೇಲಂ' ಎನ್ನುತ್ತಾರೆ, ಗುಜರಾತಿನಲ್ಲಿ ಇದು 'ಗಾಂಡೋ ಬಾವಳ', ಎಂದರೆ ಹುಚ್ಚು ಜಾಲಿ. ಒಬ್ಬರು ಸರಕಾರದ ಮೇಲೆ, ಒಬ್ಬರು ಸೀಮೆಯ ಮೇಲೆ, ಒಬ್ಬರು ಮರದ ಬುದ್ಧಿಯ ಮೇಲೆಯೇ ದೂರು ಹೊರಿಸಿದ್ದಾರೆ. ನಾವು ಕನ್ನಡಿಗರು ಪಕ್ಕದ ಊರಿನ ಮೇಲೆ ಹೊರಿಸಿ ನಿಶ್ಚಿಂತರಾದೆವು.

ಇನ್ನು ಧೂಳಿನ ವಿಚಾರ. ಅಮರಸಿಂಹ ತನ್ನ ಕೋಶದಲ್ಲಿ ಪರಾಗವೆಂದರೆ ಹೂವಿನ ರಜಸ್ಸು ಎಂದು ಅರ್ಥ ಹೇಳುತ್ತಾನೆ. ಬೀದಿಯ ಧೂಳಿಗೂ ಹೂವಿನ ಪರಾಗಕ್ಕೂ ಸಂಸ್ಕೃತದಲ್ಲಿ ಒಂದೇ ಮಾತು. ಕಾಳಿದಾಸನ ಮೇಘದೂತದ ಅಲಕಾಪುರಿಯ ಹೆಂಗಳೆಯರು ಲೋಧ್ರದ ಹೂವಿನ ರಜವನ್ನು ಮುಖಕ್ಕೆ ಬಳಿದುಕೊಂಡು ಬೆಳ್ಪನ್ನು ತಂದುಕೊಳ್ಳುತ್ತಾರೆ. ನಮ್ಮ ಕನ್ನಡದ ಕವಿಗಳ ವಸಂತವರ್ಣನೆಗಳಲ್ಲಿಯೂ ತಂಗಾಳಿ ಬರಿಗೈಯಲ್ಲಿ ಬರುವುದಿಲ್ಲ; ಪರಾಗವನ್ನು ಹೊತ್ತೇ ಬರುತ್ತದೆ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ತರಗತಿಯಲ್ಲಿ ಆ ವರ್ಣನೆಗಳನ್ನು ವಿವರಿಸಿದ ನನಗೆ ಇದರಲ್ಲಿ ಒಂದು ಕುತೂಹಲವಿದೆ. ಅಷ್ಟು ಪರಾಗ ಹಾರಿದ ಕಾವ್ಯದಲ್ಲಿ ಸೀನಿದ ನಾಯಕಿಯೊಬ್ಬಳನ್ನೂ ನಾನು ಕಂಡಿಲ್ಲ. ಕವಿಗಳು ಕಂಡ ಗಾಳಿ, ಹೂವು, ಧೂಳು ಈ ಮೂರರ ಸಂಬಂಧ ಮಾತ್ರ ದಿಟವಾದದ್ದು. ಶಾಸ್ತ್ರ ಹೇಳುವುದೂ ಅದನ್ನೇ, ಸ್ವಲ್ಪ ಲೆಕ್ಕ ಸೇರಿಸಿ.

ಜಾಲಿಯ ಹೂವೆಂದು ನಾವು ಕಾಣುವುದು ಒಂದು ಹೂವಲ್ಲ. ಬೆರಳುದ್ದದ ಹಳದಿಯ ತೆನೆಯೊಂದರಲ್ಲಿ ನೂರಾರು ಕಿರುಹೂಗಳು ಒತ್ತಾಗಿ ಕುಳಿತಿರುತ್ತವೆ. ಪ್ರತಿಯೊಂದು ಕಿರುಹೂವಿಗೆ ಹತ್ತು ಕೇಸರಗಳು; ಕೇಸರದ ತುದಿಯಲ್ಲಿ ಪರಾಗಕೋಶ. ಆ ಕೋಶದೊಳಗಿನ ಕಣ ಒಂದು ಮಿಲಿಮೀಟರಿನ ಸಾವಿರದಲ್ಲಿ ಸುಮಾರು 30 ಪಾಲಿನಷ್ಟು ದಪ್ಪ. ತಲೆಗೂದಲಿನ ಅಡ್ಡಗಲದ ಅರ್ಧವೆನ್ನಬಹುದು. ಈ ಮರ ಮುಖ್ಯವಾಗಿ ಜೇನುಹುಳುವನ್ನು ನೆಚ್ಚಿದ್ದು. ಇದರ ಜೇನು ರುಚಿಯಾದದ್ದು ಕೂಡ. ಆದರೆ ಹುಳು ಒಯ್ಯದೆ ಉಳಿದದ್ದನ್ನು ಗಾಳಿ ಒಯ್ಯುತ್ತದೆ. ನಮ್ಮ ದೇಶದಲ್ಲಿ ಅಲರ್ಜಿಯನ್ನು ಉಂಟುಮಾಡುವ ಮುಖ್ಯ ಪರಾಗಗಳ ಪಟ್ಟಿಯಲ್ಲಿ ವೈದ್ಯರು ಇದನ್ನು ಸೇರಿಸಿ ಬಹಳ ಕಾಲವಾಯಿತು. ತಪಸಿ ಮರವೂ ಆ ಪಟ್ಟಿಯಲ್ಲಿದೆ. ನಮ್ಮವರು ಅರ್ಥವತ್ತಾಗಿ 'ಗಾಳಿಮರ' ಎಂದು ಕರೆದ ಸರ್ವೆಯೂ ಇದೆ. ಕಾಂಗ್ರೆಸ್ ಹುಲ್ಲನ್ನು ಕಂಡರೆ ಮೂಗು ಮುಚ್ಚಿಕೊಳ್ಳುವ ನಾವು ಜಾಲಿಯ ನೆರಳಿನಲ್ಲಿ ಬಸ್ಸಿಗೆ ಕಾಯುತ್ತ ನಿಲ್ಲುತ್ತೇವೆ.

ಪರಾಗಕೋಶ ಒಡೆಯುವ ಬಗೆಯಲ್ಲಿಯೇ ಹವೆಯ ಅಧಿಕಾರ ಆರಂಭವಾಗುತ್ತದೆ. ಕೋಶದ ಗೋಡೆಯಲ್ಲಿ ನಾರಿನಂಥ ಒಂದು ಪದರವುಂಟು. ಗಾಳಿ ಒಣಗಿದ್ದರೆ ಆ ಪದರ ನೀರನ್ನು ಕಳೆದುಕೊಂಡು ಸೆಡೆತುಕೊಳ್ಳುತ್ತದೆ; ಸೆಡೆತು ಹೊಲಿಗೆ ಬಿಚ್ಚಿದಂತೆ ಸೀಳುತ್ತದೆ. ಹತ್ತಿಯ ಕಾಯಿ ಬಿರಿಯುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಕೋಶ ತೆರೆಯುವುದು ತಡವಾಗುತ್ತದೆ. ಜಡಿಮಳೆಯ ದಿನ ಅದು ಮುಚ್ಚಿಯೇ ಇರುತ್ತದೆ. ಹೂವನ್ನು ಕೊಡುವುದು ಬೇರಿಗೆ ಸಿಕ್ಕ ನೀರು. ಪರಾಗವನ್ನು ಬಿಡಿಸುವುದು ಒಣಗಾಳಿ. ಆದ್ದರಿಂದ ಬರೀ ಬರಗಾಲವೂ ಕೆಟ್ಟದ್ದಲ್ಲ, ಬರೀ ಮಳೆಗಾಲವೂ ಕೆಟ್ಟದ್ದಲ್ಲ. ಬುಡದಲ್ಲಿ ನೀರು, ತಲೆಯ ಮೇಲೆ ಬಿಸಿಲು, ಈ ಎರಡು ಕೂಡಿದಾಗ ಮೂಗಿನವರಿಗೆ ಕಷ್ಟ. ಬಳ್ಳಾರಿ ಸೀಮೆಯ ಹವೆ ಈ ಕೂಟಕ್ಕೆ ಹೇಳಿ ಮಾಡಿಸಿದಂತಿದೆ.

ಸಿರುಗುಪ್ಪವನ್ನು ನೋಡಿ. ತುಂಗಭದ್ರೆಯ ದಂಡೆ, ಕಾಲುವೆಯ ನೀರು, ಕಣ್ಣು ಹಾಯುವವರೆಗೂ ಬತ್ತದ ಗದ್ದೆ. ಕಾಲುವೆಯ ಏರಿಯ ಮೇಲಿನ ಜಾಲಿಗೆ ನೀರಿನ ಬಡತನವಿಲ್ಲ. ಸಾಮಾನ್ಯವಾಗಿ ಬೇಸಗೆಯ ಮುಖದಲ್ಲೊಮ್ಮೆ, ಮಳೆಗಾಲದ ಬೆನ್ನಿನಲ್ಲೊಮ್ಮೆ ಹೂ ಬಿಡುವ ಈ ಮರ ನೀರು ಕಂಡಲ್ಲಿ ನಡುನಡುವೆಯೂ ಹೂ ತಳೆಯುತ್ತದೆ. ಗದ್ದೆಯಲ್ಲಿ ನೀರು ನಿಂತಿರುವ ತಿಂಗಳುಗಳಲ್ಲಿ ಅಲ್ಲಿನ ಬೆಳಗಿನ ಗಾಳಿ ತಣ್ಣಗೆ, ತೇವವಾಗಿ ಇರುವುದರಿಂದ ಕೋಶ ಬಿರಿಯಲು ಹೊತ್ತು ಏರಬೇಕು. ಕುರುಗೋಡಿನ ಸುತ್ತ ಹಾಗಲ್ಲ. ಅಲ್ಲಿ ಸಿಂದರ ಕಾಲದಿಂದಲೂ ಕಾವಲು ನಿಂತ ಬೋಳುಬಂಡೆಯ ಗುಡ್ಡಗಳು. ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೇ ಬಂಡೆ ಕಾಯುತ್ತದೆ, ಬಂಡೆಯ ಮೇಲಿನ ಗಾಳಿ ಮೇಲೇಳುತ್ತದೆ. ದೊಡ್ಡಬಸವೇಶ್ವರನ ದರ್ಶನಕ್ಕೆ ಬೆಳಗ್ಗೆ ಒಂಬತ್ತಕ್ಕೆ ಹೋದವನಿಗೂ ಹನ್ನೊಂದಕ್ಕೆ ಹೋದವನಿಗೂ ಸಿಕ್ಕುವ ಗಾಳಿ ಒಂದೇ ಅಲ್ಲ. ಬಳ್ಳಾರಿ ನಗರದ್ದು ಮೂರನೆಯ ಬಗೆ. ಕೋಟೆಯ ಗುಡ್ಡ, ಕಾಂಕ್ರೀಟಿನ ಕಟ್ಟಡ, ಡಾಂಬರಿನ ರಸ್ತೆ ಇವೆಲ್ಲ ಹಗಲೆಲ್ಲ ಬಿಸಿಲನ್ನು ಕುಡಿದು ರಾತ್ರಿ ಕಕ್ಕುತ್ತವೆ. ಅದರ ಮೇಲೆ ಲಾರಿಗಳ ಹೊಗೆ, ಅದಿರಿನ ಕೆಂಪು ಧೂಳು. ಇಂಥ ಕಲ್ಮಷದಿಂದ ಮೊದಲೇ ಕೆರಳಿದ ಮೂಗಿನ ಒಳಪೊರೆ ಪರಾಗಕ್ಕೆ ಇನ್ನೂ ಬೇಗ ಕೆರಳುತ್ತದೆಂದು ವೈದ್ಯರು ಹೇಳುತ್ತಾರೆ.

ಕೋಶ ಬಿರಿದ ಮೇಲೆ ಪರಾಗದ ಪಯಣ. ಗಾಳಿಯಾಡದ ಕೋಣೆಯಲ್ಲಿ ಇಂಥ ಕಣವೊಂದು ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರಿನಂತೆ ಕೆಳಗಿಳಿಯುತ್ತದೆ. ಹತ್ತು ಮೀಟರ್ ಎತ್ತರದಿಂದ ನೆಲ ಮುಟ್ಟಲು ಅದಕ್ಕೆ ಆರೇಳು ನಿಮಿಷ ಸಾಕು. ಹಾಗಿದ್ದರೆ ಅದು ಮರದ ಬುಡದಲ್ಲಿಯೇ ಬೀಳಬೇಕಾಗಿತ್ತಲ್ಲ? ಬೀಳುವುದಿಲ್ಲ, ಏಕೆಂದರೆ ಬಳ್ಳಾರಿಯ ಮಧ್ಯಾಹ್ನದಲ್ಲಿ ಕಾದ ನೆಲದಿಂದ ಮೇಲೇಳುವ ಗಾಳಿಯ ವೇಗ ಆ ಇಳಿತಕ್ಕಿಂತ ಎಷ್ಟೋ ಪಾಲು ಹೆಚ್ಚು. ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತ ಮೇಲೇರುವುದು ಇದೇ ಗಾಳಿಯ ಮೇಲೆ.

ಇದನ್ನು ಮೊದಲು ಅಳೆದು ತೋರಿಸಿದವನ ಕತೆ ಸ್ವಾರಸ್ಯವಾದದ್ದು. ಲಂಡನ್ನಿನ ಜಾನ್ ಬೋಸ್ಟಾಕ್ ಎಂಬ ವೈದ್ಯ 1819ರಲ್ಲಿ ತನ್ನದೇ ಮೂಗು ಕಣ್ಣುಗಳ ಬೇಸಗೆಯ ಬೇನೆಯನ್ನು ವೈದ್ಯರ ಸಭೆಯಲ್ಲಿ ವರ್ಣಿಸಿದ್ದ. ಕಾರಣ ಅವನಿಗೆ ಹೊಳೆದಿರಲಿಲ್ಲ. ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿಯೂ ವೈದ್ಯ, ಅವನೂ ಅದೇ ಬೇನೆಯವನು. ಪರಾಗವನ್ನು ತನ್ನ ಮೂಗಿಗೂ ಚರ್ಮಕ್ಕೂ ತಾನೇ ಹಚ್ಚಿಕೊಂಡು ಪರೀಕ್ಷಿಸಿದ. ಬಳಿಕ ಅಂಟು ಬಳಿದ ಗಾಜಿನ ಪಟ್ಟಿಗಳನ್ನು ಗಾಳಿಪಟಕ್ಕೆ ಕಟ್ಟಿ ಸಾವಿರ ಅಡಿಗೂ ಮೀರಿ ಹಾರಿಸಿದ. ಅಷ್ಟು ಎತ್ತರದಲ್ಲಿಯೂ ಪರಾಗ ಅಂಟಿಕೊಂಡು ಬಂತು. ನೆಲದ ಬಳಿಗಿಂತ ಅಲ್ಲಿಯೇ ಹೆಚ್ಚಾಗಿತ್ತು. ಇದನ್ನೆಲ್ಲ ಆತ 1873ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಈಗ ಗಾಳಿಪಟ ಬೇಕಾಗಿಲ್ಲ. ರೋಥಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಹರ್ಸ್ಟ್ 1952ರಲ್ಲಿ ರೂಪಿಸಿದ ಯಂತ್ರ ನಿಮಿಷಕ್ಕೆ ಹತ್ತು ಲೀಟರ್ ಗಾಳಿಯನ್ನು ಒಳಗೆಳೆದುಕೊಂಡು ಗಂಟೆ ಗಂಟೆಯ ಪರಾಗವನ್ನು ಹಿಡಿದಿಡುತ್ತದೆ. ನಮ್ಮಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಶ್ರೀಪಾದ ಆಗಾಶೆಯವರು ಗಾಳಿಯ ಪರಾಗವನ್ನು ಕುರಿತ ಅಧ್ಯಯನವನ್ನು ಬೆಳೆಸಿದರು. ಆಷಾಢದಲ್ಲಿ ಪಟ ಹಾರಿಸುವ ನಮ್ಮ ಹುಡುಗರ ಕೈಯಲ್ಲಿ ಬ್ಲ್ಯಾಕ್ಲಿಯ ಗಾಜಿನ ಪಟ್ಟಿಯೊಂದನ್ನು ಕೊಟ್ಟು ನೋಡಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದ್ದುಂಟು.

ಆಷಾಢದ ಗಾಳಿಯ ಮಾತು ಬಂತು. ಪಡುವಣದಿಂದ ಬರುವ ಆ ಗಾಳಿ ತನ್ನ ಮಳೆಯನ್ನೆಲ್ಲ ಮಲೆನಾಡಿನಲ್ಲಿ ಸುರಿದು, ಬಳ್ಳಾರಿಗೆ ಬರುವ ಹೊತ್ತಿಗೆ ಕೊಡ ಬರಿದಾಗಿರುತ್ತದೆ. ಹಗರಿಯ ಮರಳನ್ನೇ ಎಬ್ಬಿಸಿ ದಂಡೆಯ ಮೇಲೆ ದಿಬ್ಬ ಕಟ್ಟುವ ಬಲ ಅದಕ್ಕುಂಟು. ಅಂಥ ಬಿರುಗಾಳಿಯೇ ಪರಾಗಕ್ಕೂ ಅತ್ಯಂತ ಅನುಕೂಲವೆಂದು ತೋರಬಹುದು. ಹಾಗೇನೂ ಅಲ್ಲ. ಗಾಳಿ ಮಂದವಾಗಿದ್ದರೆ ಪರಾಗ ಏಳುವುದಿಲ್ಲ. ಮಿತವಾಗಿದ್ದರೆ ಎದ್ದು ಊರಿನ ಮೇಲೆ ಹರಡುತ್ತದೆ. ವಿಪರೀತವಾದರೆ ಒಂದು ಬೊಗಸೆ ಉಪ್ಪನ್ನು ಕೆರೆಗೆ ಕದಡಿದಂತೆ ತೆಳುವಾಗಿ ಹೋಗುತ್ತದೆ. ಆಷಾಢದಲ್ಲಿ ನಾವು ಸೀನುವುದಕ್ಕೆ ಮಣ್ಣಿನ ಧೂಳಿನ ಪಾಲೇ ಹೆಚ್ಚೆಂದು ನನ್ನ ಅಭಿಪ್ರಾಯ.

ಇನ್ನು ಸಂಜೆ. ಬಿಸಿಲು ಇಳಿದೊಡನೆ ಮೇಲೇಳುವ ಗಾಳಿ ನಿಲ್ಲುತ್ತದೆ. ಹಗಲೆಲ್ಲ ಎತ್ತರದಲ್ಲಿ ತೇಲುತ್ತಿದ್ದ ಪರಾಗ ಮೆಲ್ಲಗೆ ಇಳಿಯತೊಡಗುತ್ತದೆ. ನೆಲದ ಬಳಿಯ ಗಾಳಿ ತಣಿದು ಭಾರವಾಗಿ ಅಲ್ಲಿಯೇ ನಿಂತರೆ, ಇಳಿದದ್ದು ಚದರದೆ ಉಳಿಯುತ್ತದೆ. ನಮ್ಮ ಕಡೆಯ ಬೇಸಗೆಯಲ್ಲಿ ಜನ ಮಾಡುವುದೇನು? ಊಟ ಮುಗಿಸಿ ಚಾಪೆ ದಿಂಬುಗಳನ್ನು ಹೊತ್ತು ಮಾಳಿಗೆ ಹತ್ತುತ್ತಾರೆ. 40 ಡಿಗ್ರಿಯನ್ನು ದಾಟಿದ ಹಗಲನ್ನು ಕಳೆದವರಿಗೆ ಅದೊಂದೇ ಸುಖ. ಅದನ್ನು ಬಿಡಿರೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಅಲರ್ಜಿಯವರು ಬೆಳಗ್ಗಿನಿಂದ ಮಾಳಿಗೆಯ ಮೇಲೆ ಒಣಗಿದ ಹೊದಿಕೆಯನ್ನೇ ಹೊದ್ದು, ಹೊತ್ತು ಮುಳುಗಿದೊಡನೆ ಆಕಾಶಕ್ಕೆ ಮುಖ ಮಾಡಿ ಮಲಗುವುದೆಂದರೆ, ಇಳಿಯುವ ಪರಾಗಕ್ಕೆ ಹಾಸಿಗೆ ಹಾಸಿ ಕಾದಂತೆಯೇ ಸರಿ.

ಮಳೆಯ ಪಾತ್ರ ಇನ್ನೂ ವಿಚಿತ್ರ. ಮಳೆ ಗಾಳಿಯನ್ನು ತೊಳೆಯುತ್ತದೆಂದು ಎಲ್ಲರೂ ಬಲ್ಲರು. ಆಶ್ಲೇಷಾ, ಮಘಾ ಮಳೆಗಳ ಸೋನೆ ಹಿಡಿದ ದಿನ ಮೂಗಿನವರಿಗೆ ಹಬ್ಬ. ಬಳ್ಳಾರಿಗೆ ವರ್ಷವಿಡೀ ಬೀಳುವುದು 500 ಮಿಲಿಮೀಟರಿನ ಆಸುಪಾಸು. ಅದರಲ್ಲಿ ದೊಡ್ಡ ಪಾಲು ಪುಬ್ಬಾ, ಉತ್ತರಾ ಮಳೆಗಳ ಸೆಪ್ಟೆಂಬರಿನದು. ಹೀಗಾಗಿ ತೊಳೆಯುವ ದಿನಗಳು ಕಡಿಮೆ. ತೊಳೆದ ಮೇಲೆ ಎರಡು ಮೂರು ದಿನ ಬಿಸಿಲು ಕಾದರೆ, ನೀರುಂಡ ಮರದ ಮುಚ್ಚಿದ್ದ ಕೋಶಗಳೆಲ್ಲ ಒಟ್ಟಿಗೆ ಬಿರಿಯುತ್ತವೆ. 'ಮಳೆಯಾಯಿತು, ಇನ್ನು ನೆಮ್ಮದಿ' ಎಂದು ಕುಳಿತವನಿಗೆ ಮೂರನೆಯ ದಿನ ಸೀನು ಹತ್ತುವುದು ಹೀಗೆ.

ಬೇಸಗೆಯ ಗುಡುಗುಮಳೆಯ ವಿಚಾರವನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ ಇಲ್ಲಿ ಪ್ರಶ್ನೆ ಸೀನಿನದಲ್ಲ, ಉಸಿರಿನದು. ಇಡೀ ಪರಾಗಕಣ ಮೂಗು ಗಂಟಲುಗಳನ್ನು ದಾಟುವುದು ಅಪರೂಪ. ಅದರ ಗಾತ್ರವೇ ಅದಕ್ಕೆ ಅಡ್ಡಿ. ಆದರೆ ನೀರು ತಾಗಿದ ಕಣ ನೀರನ್ನು ಹೀರಿ ಉಬ್ಬಿ ಒಡೆಯಬಲ್ಲದು. ಒಡೆದರೆ ಅದರೊಳಗಿನ ಅತಿಸೂಕ್ಷ್ಮ ತುಣುಕುಗಳು ಹೊರಬೀಳುತ್ತವೆ; ಇವು ಶ್ವಾಸನಾಳದ ಆಳಕ್ಕೆ ಇಳಿಯುವಷ್ಟು ಸಣ್ಣವು. ಗುಡುಗಿನ ಮೋಡದಿಂದ ಕೆಳಕ್ಕೆ ಧುಮುಕುವ ತಣ್ಣನೆಯ ಗಾಳಿ ಈ ತುಣುಕುಗಳನ್ನೂ ಸುತ್ತಲಿನ ಪರಾಗವನ್ನೂ ನೆಲದ ಮಟ್ಟದಲ್ಲಿ ಒತ್ತಟ್ಟಿಗೆ ಗುಡಿಸಿಕೊಂಡು ಮಳೆಯ ಮುಂದೆ ಓಡುತ್ತದೆ. ಆಸ್ಟ್ರೇಲಿಯದ ಮೆಲ್ಬೋರ್ನಿನಲ್ಲಿ 2016ರ ನವೆಂಬರ್ 21ರ ಸಂಜೆ ಹೀಗಾಯಿತು. ಉಸಿರು ಕಟ್ಟಿ ಆಸ್ಪತ್ರೆಗಳಿಗೆ ಓಡಿಬಂದವರು ಮೂರು ಸಾವಿರಕ್ಕೂ ಹೆಚ್ಚು. ಹತ್ತು ಜನ ತೀರಿಕೊಂಡರು. ಬೇಸಗೆಯಲ್ಲಿ ಸೀನುವುದಷ್ಟೇ ತಮ್ಮ ರೋಗವೆಂದು ತಿಳಿದಿದ್ದ, ಉಬ್ಬಸವನ್ನೇ ಕಂಡರಿಯದ ಎಷ್ಟೋ ಮಂದಿ ಅವರಲ್ಲಿದ್ದರು. ಅಲ್ಲಿನದು ಹುಲ್ಲಿನ ಪರಾಗ. ನಮ್ಮಲ್ಲಿ ಜಾಲಿಯೊಂದನ್ನೇ ದೂರುವಂತಿಲ್ಲ, ಅಂಥ ಗಾಳಿಯಲ್ಲಿ ಬೂಷ್ಟಿನ ಕಣಗಳೂ ಇರುತ್ತವೆ. ಆದರೆ ಗಾಳಿಯ ನಡೆ ಎರಡು ಕಡೆಯೂ ಒಂದೇ.

ಭರಣಿ, ಕೃತ್ತಿಕಾ ಮಳೆಗಳ ಸಂಜೆಯನ್ನು ಬಳ್ಳಾರಿಯವರಿಗೆ ನಾನು ವರ್ಣಿಸಬೇಕೆ? ದಿನವೆಲ್ಲ ಕಾದ ಕಾವಲಿಯಂಥ ಊರು. ನಾಲ್ಕು ಗಂಟೆಗೆ ಮೂಡಲಲ್ಲೋ ತೆಂಕಣದಲ್ಲೋ ಕರಿಮೋಡ. ಥಟ್ಟನೆ ತಣ್ಣನೆಯ ಗಾಳಿ, ಅದರ ಹಿಂದೆಯೇ ದಪ್ಪ ಹನಿ, ನೆಲದ ಕಂಪು. ಮನೆಮಂದಿಯೆಲ್ಲ ಅಂಗಳಕ್ಕೆ, ಮಾಳಿಗೆಗೆ ಓಡುತ್ತೇವೆ. ವರ್ಷದಲ್ಲಿ ನಾವು ಅತ್ಯಂತ ಹಂಬಲಿಸಿ ಕಾಯುವ ಆ ಅರ್ಧ ಗಂಟೆಯೇ ಕೆಲವರಿಗೆ ಅತ್ಯಂತ ಅಪಾಯದ ಅರ್ಧ ಗಂಟೆ. ಕೆಲವು ವರ್ಷಗಳ ಹಿಂದೆ ಅಂಥದೊಂದು ಭರಣಿಯ ಸಂಜೆ ನನ್ನ ಮನೆಯವರು ಮಾಳಿಗೆಯಿಂದ ಕೆಳಗಿಳಿಯುವ ಮುನ್ನವೇ ಮಾತಾಡಲಾರದಂತಾದರು. ಆಸ್ಪತ್ರೆಗೆ ಮುಟ್ಟಿಸುವವರೆಗಿನ ಆ ಕಾಲು ಗಂಟೆಯನ್ನು ನಾನು ಇನ್ನೂ ಮರೆತಿಲ್ಲ. ಅಂದು ಉಪಚರಿಸಿದ ತರುಣ ವೈದ್ಯರು 'ಏನು ತಿಂದಿರಿ' ಎಂದು ಕೇಳುವ ಬದಲು 'ಎಷ್ಟು ಹೊತ್ತಿಗೆ, ಎಲ್ಲಿ ನಿಂತಾಗ, ಗಾಳಿ ಹೇಗಿತ್ತು' ಎಂದು ಕೇಳಿದರು. ಇದೇ ಪ್ರಶ್ನೆಗಳನ್ನು ವರ್ಷವಿಡೀ ಕೇಳಿಕೊಳ್ಳಿರೆಂದು ಹೇಳಿ ಕಳುಹಿಸಿದರು.

ಆಮೇಲೆ ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಜೊತೆಗೆ ಉಸಿರಿನ ಲೆಕ್ಕವೂ ಸೇರಿತು. ಕಷ್ಟವಾದ ದಿನಕ್ಕೆ ಒಂದು ಗೀರು; ಅದರ ಪಕ್ಕದಲ್ಲಿ ಬಿಸಿಲು, ಮೋಡ, ಗಾಳಿ, ಮಳೆ ಎಂದು ಒಂದೊಂದು ಅಕ್ಷರ. ಎರಡು ವರ್ಷ ಕಳೆಯುವಷ್ಟರಲ್ಲಿ, ಯಾವ ಹೊತ್ತೂ ನಂಬತಕ್ಕದ್ದಲ್ಲ ಎಂಬ ಅವರ ಭಯ ಕರಗಿತು. ಗೀರುಗಳು ವರ್ಷದ ತುಂಬ ಚೆಲ್ಲಿರಲಿಲ್ಲ. ಶಿವರಾತ್ರಿಯಿಂದ ಯುಗಾದಿಯವರೆಗಿನ ಒಣದಿನಗಳಲ್ಲಿ, ಮಳೆ ನಿಂತ ಮೂರನೆಯ ನಾಲ್ಕನೆಯ ದಿನಗಳಲ್ಲಿ, ಗುಡುಗಿನ ಸಂಜೆಗಳಲ್ಲಿ ಗುಂಪುಗೂಡಿದ್ದವು. ಉಳಿದ ದಿನಗಳು ಅವರವೇ ಆದವು. ಇದು ಒಂದು ಮನೆಯ ಲೆಕ್ಕ. ಇನ್ನೊಬ್ಬರ ಮೂಗಿಗೆ ಬೇವೋ ತಪಸಿಯೋ ಒಗ್ಗದಿದ್ದರೆ ಅವರ ಗೀರುಗಳು ಬೇರೆ ಕಡೆ ಬೀಳುತ್ತವೆ.

ಮರವನ್ನೇ ಕಡಿದುಬಿಟ್ಟರಾಗದೆ ಎಂದು ಕೇಳುವವರಿದ್ದಾರೆ. ತಮಿಳುನಾಡಿನಲ್ಲಿ ಈ ವಾದ ಉಚ್ಚನ್ಯಾಯಾಲಯದವರೆಗೂ ಹೋಗಿದೆ. ಅಲ್ಲಿ ಮುಖ್ಯವಾದದ್ದು ನೀರಿನ ಮತ್ತು ನೆಲದ ಚಿಂತೆ. ಜಾಲಿಯನ್ನು ಬುಡಕ್ಕೆ ಕಡಿದರೆ ಒಂದು ಕಾಂಡ ಹೋಗಿ ನಾಲ್ಕು ಚಿಗುರುತ್ತವೆ. ಬೇರುಸಹಿತ ಕಿತ್ತರೂ ಆಡು ಕುರಿಗಳು ಕಾಯಿ ತಿಂದು ಬೀಜವನ್ನು ಮುಂದಿನ ಊರಿಗೆ ಒಯ್ಯುತ್ತವೆ. ಇದರ ಇದ್ದಿಲಿನಿಂದ ಒಲೆ ಉರಿಸುವವರೂ ಹೊಟ್ಟೆ ಹೊರೆಯುವವರೂ ನಮ್ಮ ನಡುವೆಯೇ ಇದ್ದಾರೆ. ಶಾಲೆಯ, ಆಸ್ಪತ್ರೆಯ ಅಂಗಳಗಳಲ್ಲಿ ಇದನ್ನು ಬೆಳೆಯಗೊಡದಿರುವುದು ನ್ಯಾಯ. ಸೀಮೆಯನ್ನೇ ಜಾಲಿರಹಿತ ಮಾಡುವ ಮಾತು ಸದ್ಯಕ್ಕೆ ಸಭೆಗೆ ಮಾತ್ರ ಚೆನ್ನ.

ಹಾಗಾಗಿ ಕೈಯಲ್ಲಿರುವುದನ್ನು ಹೇಳುತ್ತೇನೆ. ಒಣಬಿಸಿಲಿನ, ಮಿತವಾದ ಗಾಳಿಯ ದಿನ ಹೊರಗಿನ ಕೆಲಸವನ್ನು ಬಿಸಿಲೇರುವ ಮುನ್ನ ಮುಗಿಸಿಕೊಳ್ಳಬಹುದು. ಹೊದಿಕೆಯನ್ನು ಒಳಗೆ ಒಣಗಿಸಬಹುದು. ಸಂಜೆ ಮುಖ ತೊಳೆಯುವಾಗ ತಲೆಗೂದಲನ್ನೂ ಒರೆಸಿಕೊಳ್ಳಬಹುದು. ಪರಾಗ ದಿಂಬಿಗೆ ಬರುವುದು ಹೆಚ್ಚಾಗಿ ಅಲ್ಲಿಂದಲೇ. ವೈದ್ಯರು ದಿನವೂ ಸೇದಲು ಕೊಟ್ಟ ಇನ್‌ಹೇಲರನ್ನು 'ಈಗ ಚೆನ್ನಾಗಿದ್ದೇನಲ್ಲ' ಎಂದು ನಿಲ್ಲಿಸಬಾರದು. ಭರಣಿಯ ಸಂಜೆ ಮೋಡ ಕವಿದು ತಣ್ಣನೆಯ ಗಾಳಿ ಬೀಸತೊಡಗಿದಾಗ ಉಬ್ಬಸದವರು ಒಳಗೆ ಬಂದು ಕಿಟಕಿ ಮುಚ್ಚಿಕೊಂಡು ಅರ್ಧ ಗಂಟೆ ಕುಳಿತಿರಲಿ. ಮಳೆ ಹದವಾಗಿ ಹಿಡಿದ ಮೇಲೆ ಬಾಗಿಲು ತೆರೆದರೆ ನೆಲದ ಕಂಪು ಆಗಲೂ ಇರುತ್ತದೆ.